ರಂಜನಾಳ ಜಾಗ

ಸವಣೂರು, 14 ಅಕ್ಟೋಬರ್ 2025, ಮಂಗಳವಾರ

2023ರ ಜೂನ್ 12ರಂದು ಶಿಗ್ಗಾವಿಯ ಶಿಬಿರದಲ್ಲಿ ನನ್ನ ಮಗಳು ರಂಜನಾಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಡಾಕ್ಟರ ಬೆರಳು ಹೋದತ್ತ ಕಣ್ಣು ಆಡಿಸುತ್ತ, ಆಟಿಸಂ ಇರುವವರ ಭಯ ಬಿಡಿಸುವ ಚಿಕಿತ್ಸೆ ಅಲ್ಲಿ ನಡೆಯುತ್ತಿತ್ತು. "ಈಕಿ ಮುಖಾನ ನೋಡೂದಿಲ್ಲ, ನನ್ನ ಬೆರಳ ಹಿಂದ ಕಣ್ಣು ಹೆಂಗ ಆಡಿಸ್ತಾಳ್ರಿ?" ಅಂದರು ಡಾಕ್ಟರು. ವೀಳ್ಯದೆಲೆ ಎಣಿಸುವ ನನ್ನ ಕೈಯನ್ನು ಅವಳು ತಾಸುಗಟ್ಟಲೆ ನೋಡುತ್ತಾಳೆ ಎಂದೆ. ಕೇಳಲಿಲ್ಲ.

ಆ ಜಾಗ ತಂಗಿ ತನುಜಾಳ ಮಗಳಿಗೆ ಸಿಕ್ಕಿತು. ರಂಜನಾಳಂತೆ ಅವಳಿಗೂ ಆಟಿಸಂ, ಅವಳಿಗೂ ನಾಯಿಯ ಭಯ. ಇವತ್ತು ಆ ಹುಡುಗಿ ಓಣಿಯ ನಾಯಿಗಳನ್ನು ದಾಟಿಕೊಂಡು ನಮ್ಮ ಮನೆಗೆ ಬಂದಳು.

"ನೋಡಕ್ಕಾ, ನಮ್ಮ ಮಲ್ಲಿಕಾ ಒಬ್ಬಾಕಿನ ಬಂದಾಳ!" ಎಂದಳು ಆಮೇಲೆ ಬಂದ ತನುಜಾ.

"ಚೊಲೊ ಆತ ಬಿಡವಾ" ಎಂದೆ. ಹೊಟ್ಟೆ ಉರಿಯಿತು. ನಾಯಿ ಒಮ್ಮೆ ಬೊಗಳಬಾರದಿತ್ತೇ ಅನ್ನಿಸಿತು. ಒಳಗೆ ರಂಜನಾ ಕಿಟಕಿಗೆ ಬೆನ್ನು ಹಾಕಿ ಕುಳಿತಿದ್ದಳು.

ಭಾನುವಾರ ಶಿಬಿರದವರು ಕರೆದ ಪಾಲಕರ ಸಭೆಯಲ್ಲಿ, ಎಲ್ಲರೆದುರು, ಆ ಡಾಕ್ಟರು ಹೇಳಲಿ: ಒಂದು ಸಲವೂ ಪರೀಕ್ಷಿಸದೆ ನನ್ನ ಮಗಳನ್ನು ಯಾಕೆ ಬಿಟ್ಟಿರಿ?