ನೀವು ತಾರಸಿ ಮೇಲೆ, ನಾನು ಕಂಪ್ಯೂಟರ್ ಮುಂದೆ

ಶಿವಮೊಗ್ಗ
೨೨ ಏಪ್ರಿಲ್ ೨೦೦೮

ಭದ್ರಾವತಿ ಓಲ್ಡ್ ಟೌನಿನ ರುದ್ರೇಶ್ ಅವರಿಗೆ, ತವರಿನಲ್ಲಿ ಹಾಯಾಗಿರುವ ನಿಮ್ಮ ಹೆಂಡತಿಯ ಶರಣು.

ಫೋನ್ ಮಾಡಿದರೆ ನಡುವೆ ಬಾಯಿ ಹಾಕುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ನಮ್ಮ ಕಂಪ್ಯೂಟರಿನಲ್ಲಿ ಟಿವಿ ಇನ್ನೂ ಬರುತ್ತಿಲ್ಲವಂತೆ. ಪಕ್ಕದ ಮನೆ ಪುಷ್ಪಮ್ಮನವರ ಫೋನಿನಿಂದ ಅತ್ತೆ ಹೇಳಿದರು. ಬೆಳಗಿನ ವಚನ ಕಾರ್ಯಕ್ರಮ ತಪ್ಪಿಹೋಗಿ ಅವರಿಗೆ ಕಾಫಿಯೂ ರುಚಿಸುತ್ತಿಲ್ಲವಂತೆ.

ಅವತ್ತು ನಿಮ್ಮ ದೊಡ್ಡಪ್ಪನ ಮನೆಯವರೆಲ್ಲ ಹಾಲಿನಲ್ಲಿ ಕೂತಿದ್ದರು. ಚಾನೆಲ್ಲುಗಳು ಮಾಯವಾದದ್ದು ಕಂಡದ್ದೇ ತಡ, ಇವಳೇ ಏನೋ ಒತ್ತಿರ್ತಾಳೆ, ಇನ್ಮೇಲೆ ಕಂಪ್ಯೂಟರ್ ಮುಟ್ಟಬೇಡ ಎಂದಿರಿ. ನಾನು ಮುಟ್ಟಿಯೇ ಇರಲಿಲ್ಲ. ಮೈಯೆಲ್ಲ ಉರಿದು ಸಂಜೆಯ ಬಸ್ಸು ಹತ್ತಿದೆ. ಆ ಉರಿ ಇನ್ನೂ ಪೂರ್ತಿ ಆರಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಇಲ್ಲಿ ನಾನು ಸುಮ್ಮನೆ ಕೂತಿಲ್ಲ. ತಮ್ಮ ಮಧು ನಿಮ್ಮ ಹಾಗೆಯೇ ಕಂಪ್ಯೂಟರಿಗೆ ಟಿವಿ ಕಾರ್ಡ್ ಹಾಕಿಸಿ, ಚಾನೆಲ್ ತರಲಾಗದೆ ಕೈಬಿಟ್ಟಿದ್ದ. ಅಪ್ಪನನ್ನು ತಾರಸಿಗೆ, ಡಿಶ್ ಹತ್ತಿರ ಹತ್ತಿಸಿ ನಾನು ಕಂಪ್ಯೂಟರ್ ಮುಂದೆ ಕೂತೆ. ಉಪಗ್ರಹದ ಹೆಸರು ಆರಿಸಿ, ಸಿಗ್ನಲ್ ತೋರಿಸುವ ಪಟ್ಟಿಯ ಮೇಲೆ ಕಣ್ಣಿಟ್ಟೆ. ಬಂತೇನೆ ಎಂದು ಮೇಲಿನಿಂದ ಅಪ್ಪ, ಇನ್ನೊಂಚೂರು ಬಲಕ್ಕೆ ಎಂದು ಕಿಟಕಿಯಿಂದ ನಾನು; ಬೀದಿಯವರಿಗೆಲ್ಲ ಪುಕ್ಕಟೆ ಮನರಂಜನೆ. ಕೆಂಪಗಿದ್ದ ಪಟ್ಟಿ ಹಸಿರಾದ ಮೇಲೆಯೇ ಚಾನೆಲ್ ಹುಡುಕುವ ಸ್ಕ್ಯಾನ್ ಕೊಟ್ಟೆ. ಚಾನೆಲ್ಲುಗಳು ಸಾಲಾಗಿ ಬಂದು ಕೂತವು. ಅಪ್ಪ ಬೆವರೊರೆಸಿಕೊಂಡು ಇಳಿದು ಬಂದು, ಮಾರಾಯ್ತಿ, ನೀನು ಅಂಗಡಿನೇ ಇಡಬಹುದು ಎಂದರು.

ನೀವು ಮಾಡಿದ್ದೇನು ಹೇಳಲೇ? ಸಿಗ್ನಲ್ಲೇ ಇಲ್ಲದಾಗ ಹಳೆಯ ಚಾನೆಲ್ಲುಗಳನ್ನೂ ಅಳಿಸಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ಕೊಟ್ಟಿರಿ. ಡಿಶ್ಶೇ ಬೇರೆ ಕಡೆ ತಿರುಗಿದ್ದರೆ ಪಾಪ ಕಂಪ್ಯೂಟರ್ ಏನು ಮಾಡೀತು? ನಾನೇ ಬೋಲ್ಟ್ ಬಿಗಿದಿದ್ದೀನಿ, ಅಲ್ಲಾಡೋದೇ ಇಲ್ಲ ಎಂದು ಜಂಬ ಕೊಚ್ಚಿಕೊಂಡು ಒಂದು ಸಲವೂ ಮೇಲೆ ಹತ್ತಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಷರತ್ತು ಒಂದೇ. ನೀವು ತಾರಸಿ ಮೇಲೆ, ನಾನು ಕಂಪ್ಯೂಟರ್ ಮುಂದೆ. ದೊಡ್ಡಪ್ಪನ ಮನೆಯವರನ್ನೂ ತಿಂಡಿಗೆ ಕರೆಯಿರಿ. ಮುಟ್ಟಬೇಡ ಎಂದದ್ದು ಅವರ ಎದುರಿಗೆ. ಮುಟ್ಟು ಎನ್ನುವುದೂ ಅವರ ಎದುರಿಗೇ ಆಗಲಿ. ಅದು ನಿಮ್ಮಿಂದಾಗದಿದ್ದರೆ ನಾನು ಬರುವುದಿಲ್ಲ. ನೀವು ಒಪ್ಪಿ ನಾನು ಬರುವಂತಾದರೆ ನನಗೂ ಬಹಳ ಖುಷಿ. ನೀವಿಲ್ಲದೆ ಇಲ್ಲಿ ಬೇಜಾರು.

ಇಂತಿ ನಿಮ್ಮ,
ಪ್ರಿಯದರ್ಶಿನಿ

ತಾ.ಕ.: ಬಿಗಿದ ಡಿಶ್ ತಿರುಗಿದ್ದು ಹೇಗೆ ಎಂದು ಕೇಳಿಯೇ ಕೇಳುತ್ತೀರಿ. ಅವತ್ತು ಅತ್ತೆ ತಾರಸಿಯಲ್ಲಿ ಸಂಡಿಗೆ ಹಾಕಿದ್ದರು. ಕಾಗೆ ಬರಬಾರದೆಂದು ನಿಮ್ಮ ಕರೀ ಕೊಡೆ ಬಿಡಿಸಿ ಡಿಶ್ಶಿಗೇ ಕಟ್ಟಿದ್ದರು. ಗಾಳಿಗೆ ಕೊಡೆ ಉಬ್ಬಿ ಡಿಶ್ಶನ್ನೂ ಎಳೆದುಕೊಂಡಿತ್ತು. ನೆಂಟರು ಬರುವ ಮೊದಲು ಕೊಡೆ ಕಳಚಿ ತಂದವಳು ನಾನೇ, ಡಿಶ್ ವಾಲಿದ್ದನ್ನೂ ಕಂಡಿದ್ದೆ. ಆದರೆ ಅಷ್ಟು ಜನರ ಮುಂದೆ ನೀವು ನನಗೆ ಅಂದಂಥ ಮಾತನ್ನು ಅತ್ತೆಗೂ ಅಂದುಬಿಡುತ್ತೀರೆಂದು ಬಾಯಿ ಬಿಡಲಿಲ್ಲ. ತಾವು ಕಟ್ಟಿದ ಕೊಡೆಯಿಂದ ಹೀಗಾಯಿತೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಭಾನುವಾರ ಯಾರಾದರೂ ಕೇಳಿದರೆ, ಗಾಳಿಗೆ ತಿರುಗಿತ್ತು ಅನ್ನಿ.