ತೊಳೆಯದ ತೊಟ್ಟು

ಹುಕ್ಕೇರಿ
೧೨ ಮಾರ್ಚ್ ೧೯೬೩

ಜೀವದ ಗೆಳತಿ ಶೆಟ್ಟೆವ್ವನಿಗೆ,

ನಿನ್ನ ಪತ್ರ ಮೊನ್ನೆ ಕೈಸೇರಿತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ಎರಡು ಪುಟ ಬರೆದಿದ್ದೀಯಲ್ಲ, ಮೆಚ್ಚಬೇಕು. ಇಲ್ಲಿ ನಾನೂ ನನ್ನ ಅವ್ವ ಸಾತವ್ವನೂ ಚೆನ್ನಾಗಿದ್ದೇವೆ. ದವಾಖಾನೆಯವರು ಕೊಟ್ಟ ಮನೆಯ ಹಿತ್ತಲಲ್ಲಿ ಅವ್ವ ಎಂಟು ಮೆಣಸಿನಕಾಯಿ ಗಿಡ ಹಚ್ಚಿದ್ದಾಳೆ. ಬೀಜ ನಿಮ್ಮ ತುಕ್ಕಾನಟ್ಟಿ ಹೊಲದ್ದೇ. ನನ್ನ ಕೆಲಸವೂ ಸಾಗಿದೆ. ದಿನವಿಡೀ ಜನರ ಕಫ, ರಕ್ತ ನೋಡುವ ಕೆಲಸ. ನಿನಗೆ ಹೇಳಿದರೆ ಮೂಗು ಮುರಿಯುತ್ತೀ.

ನಿಮ್ಮವ್ವ ಫಕೀರವ್ವ ಹದಿನೈದು ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ ಎಂದು ಓದಿದಾಗಿನಿಂದ ಅವಳದೇ ಚಿಂತೆ. ಗಂಜಿ ಕೊಟ್ಟರೆ ಮುಖ ತಿರುವುತ್ತಾಳೆ, ‘ನಮ್ಮನಿ ಮಸರ ಇದ್ರ ಒಂದ್ ಬಟ್ಟಲಾ ಕೊಡ’ ಎಂದಷ್ಟೇ ಕೇಳುತ್ತಾಳೆ ಎಂದು ಬರೆದಿದ್ದೀ. ಅವಳು ಮಲಗಿದ ಮೇಲೆ ನೋಡುವವರಿಲ್ಲದೆ ತವರಿನ ಹೆಪ್ಪು ಕೆಟ್ಟಿತು. ನೀನು ಮೇಲವಂಕಿಯ ಗಂಡನ ಮನೆಯಿಂದ ತಂದ ಮೊಸರನ್ನು ನಾಲಿಗೆಗೆ ಹಚ್ಚಿ, ‘ಇದು ನಮ್ಮನೀದಲ್ಲ’ ಎಂದು ಬಟ್ಟಲು ಸರಿಸಿದಳಂತೆ. ಅದಕ್ಕೇ ನೀನು ಕೇಳಿದ್ದು: ‘ನಿಮ್ಮವ್ವ ಮುರಿದ ಮೆಣಸಿನಕಾಯಿ ತೊಟ್ಟು ಒಂದ್ ಹಿಡಿ ಕಳಸು. ಆವಾಗಿನಂಗ ಹಾಲಿಗೆ ಹಾಕ್ತೀನಿ. ಅವ್ವಗ ಗೊತ್ತಾಗೂದು ಬ್ಯಾಡ.’ ಕೊನೆಯ ಆ ಒಂದು ಸಾಲನ್ನು ನಾನು ಮೂರು ಸಲ ಓದಿದೆ.

ಆವಾಗ ನಮಗಿಬ್ಬರಿಗೂ ಹತ್ತು ವರ್ಷ. ಸ್ವಾತಂತ್ರ್ಯ ಬಂದ ಮರುವರ್ಷ, ಮೆಣಸಿನಕಾಯಿ ಸುಗ್ಗಿ. ನಿಮ್ಮ ಅಂಗಳದಲ್ಲಿ ಕೆಂಪು ರಾಶಿ, ಅದರ ಮುಂದೆ ಕೂಲಿಗೆ ಕೂತು ತೊಟ್ಟು ಮುರಿಯುವ ನನ್ನ ಅವ್ವ. ನಿಮ್ಮದು ಕುರಿ ಕಾಯುವ ಮನೆತನವಾದರೂ ಊರೆಲ್ಲ ಹೊಗಳುತ್ತಿದ್ದದ್ದು ನಿಮ್ಮ ಮನೆಯ ಎಮ್ಮೆ ಮೊಸರನ್ನು. ಗಡಿಗೆ ಓರೆ ಮಾಡಿದರೂ ಜಾರದಂಥ ಮೊಸರು. ಯಾರಾದರೂ ಹೆಪ್ಪು ಕೇಳಿ ಬಂದರೆ ಫಕೀರವ್ವ, ‘ಹೆಪ್ಪ ಕೊಟ್ರ ಮನಿ ಹೈನ ಹೋಗ್ತೈತಿ, ಬ್ಯಾರೆ ಕಡೆ ನೋಡ್ರಿ’ ಎಂದು ಹೊಸ್ತಿಲಿಂದಲೇ ಸಾಗಹಾಕುತ್ತಿದ್ದಳು. ಬಾಜೂ ಮನೆಯ ಅಲ್ಲವ್ವ ಮೂರು ಸಲ ಬಂದು ಮೂರು ಸಲವೂ ಬರಿಗೈಯಲ್ಲಿ ಹೋಗಿದ್ದಳು. ಆ ವರ್ಷ ನಿಮ್ಮ ಎಮ್ಮೆ ಬತ್ತಿತು. ಅದು ಕರು ಹಾಕಿ ಮತ್ತೆ ಹಾಲು ಕೊಡುವ ಹೊತ್ತಿಗೆ ಮನೆಯಲ್ಲಿ ಒಂದು ಚಮಚ ಹೆಪ್ಪಿರಲಿಲ್ಲ. ಅಲ್ಲವ್ವನ ಬಾಗಿಲಿಗೆ ಹೋಗಲು ನಿಮ್ಮವ್ವನಿಗೆ ಮುಖವಿರಲಿಲ್ಲ.

ಹೆಪ್ಪಿಲ್ಲದಿದ್ದರೆ ಮೆಣಸಿನಕಾಯಿ ತೊಟ್ಟಿನಿಂದ ಮೊಸರು ಕಟ್ಟುತ್ತದೆಂದು ಅವಳಿಗೆ ಗೊತ್ತಿತ್ತು. ರಾಶಿಯ ಬದಿಯಿಂದ ಒಂದು ಹಿಡಿ ತೊಟ್ಟು ಎತ್ತಿಕೊಂಡಳು. ಎತ್ತಿಕೊಂಡವಳು ನನ್ನ ಅವ್ವನ ಕಡೆ ನೋಡಿ ನಿಂತಳು. ‘ಸಾತಿ ಮುಟ್ಟಿದ್ದು, ಹಂಗ ಹ್ಯಾಂಗ ಹಾಕೂದು’ ಎಂದು ನಮ್ಮೆಲ್ಲರ ಎದುರೇ ಅಂದು, ತೊಟ್ಟಿನ ಮೇಲೆ ಕುದಿಯುವ ನೀರು ಸುರಿದಳು, ಒಂದಲ್ಲ ಎರಡು ಸಲ. ಅವ್ವ ಮುಂದಿನ ಕಾಯಿಯ ತೊಟ್ಟು ಮುರಿದಳು. ಮರುದಿನ ಹಾಲು ಹಾಲಾಗಿಯೇ ಇತ್ತು, ಸಂಜೆಗೆ ನಾತ ಹೊಡೆಯಿತು. ಹೀಗೆ ಮೂರು ದಿನ. ಬೀರಪ್ಪ ಮುನಿದಿದ್ದಾನೆಂದು ನಿಮ್ಮವ್ವ ತೆಂಗಿನಕಾಯಿ ಹರಕೆ ಹೊತ್ತಳು.

ನಾಲ್ಕನೆಯ ದಿನ ಹಾಲು ಕಾಯಿಸಿ, ತೊಟ್ಟು ತೊಳೆದು ಹಾಕೆಂದು ನಿನಗೆ ಹೇಳಿ ಅವಳು ಹೊಲಕ್ಕೆ ಹೋದಳು. ನೀನು ನನ್ನ ಅವ್ವನ ಮುಂದೆ ಕೈ ಚಾಚಿ ಏಳು ತೊಟ್ಟು ಇಸಿದುಕೊಂಡು, ಸೀದಾ ಹಾಲಿಗೆ ಹಾಕಿ ಮುಚ್ಚಿದೆ. ಯಾಕೆ ತೊಳೆಯಲಿಲ್ಲ ಎಂದು ನಾನು ಕೇಳಿದ್ದಕ್ಕೆ, ‘ನೀರ ಕಾಸಾಕ ಬ್ಯಾಸರಾತು’ ಅಂದೆ. ದೊಡ್ಡ ಧೈರ್ಯವಲ್ಲ, ಬರೀ ಮೈಗಳ್ಳತನ. ಮರುದಿನ ಮೊಸರು ಗಟ್ಟಿಯಾಗಿ ಕಟ್ಟಿತ್ತು. ನಿಮ್ಮವ್ವ ಬೀರಪ್ಪನ ಗುಡಿಗೆ ಹೋಗಿ ಕಾಯಿ ಒಡೆದು, ನಮಗೂ ಬೆಲ್ಲ ಕೊಟ್ಟಳು, ಮೇಲಿನಿಂದ, ಕೈಗೆ ಕೈ ತಾಗದಂತೆ. ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ನಿನಗೆ ಏಟು ಬೀಳುತ್ತಿತ್ತು, ಅವ್ವನ ಕೂಲಿ ಹೋಗುತ್ತಿತ್ತು.

ಮೊನ್ನೆ ಕೆಟ್ಟ ಹೆಪ್ಪು ಅದೇ, ಆ ಏಳು ತೊಟ್ಟಿನದು. ಆಮೇಲೆ ನಿಮ್ಮವರು ಎರಡನೆಯ ಎಮ್ಮೆ ಕಟ್ಟಿದ್ದರಿಂದ ಒಂದು ಬತ್ತಿದರೂ ಹೆಪ್ಪು ತಪ್ಪದೆ, ಹದಿನೈದು ವರ್ಷ ಒಂದು ದಿನದ ಮೊಸರಿನಿಂದ ಮರುದಿನದ ಮೊಸರಾಗುತ್ತ ಬಂತು. ಕೂಲಿಗೆ ಬಂದ ದಿನ ನಿಮ್ಮವ್ವ ನಮಗೆ ಅದೇ ಮೊಸರಿನ ಮಜ್ಜಿಗೆಯನ್ನು ಎತ್ತರದಿಂದ ಬೊಗಸೆಗೆ ಹುಯ್ಯುತ್ತಿದ್ದಳು. ಮೊದಮೊದಲು ನನಗೆ ಒಳಗೊಳಗೇ ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ. ಅವ್ವನ ಬೊಗಸೆ ನೋಡಿದರೆ ಸಿಟ್ಟು ಬರುತ್ತಿತ್ತು.

ಧಾರವಾಡದಲ್ಲಿ ಈ ಕೆಲಸದ ತರಬೇತಿಗಿದ್ದಾಗ ಮಾಸ್ತರರು, ಮೊಸರು ಕಟ್ಟುವುದು ಕಣ್ಣಿಗೆ ಕಾಣದ ಜೀವಿಗಳಿಂದ ಎಂದರು. ಅವು ಎಲ್ಲಿಂದ ಬರುತ್ತವೆ ಎಂದು ಕೇಳಿದರೆ ಎಲ್ಲರೂ, ಹೆಪ್ಪಿನಿಂದ ಎಂದರು. ಮೊಟ್ಟಮೊದಲ ಹೆಪ್ಪಿಗೆ ಎಲ್ಲಿಂದ ಬಂದವು ಎಂದು ಕೇಳಿದವಳು ನಾನೊಬ್ಬಳೇ. ‘ನೀನೇ ಹುಡುಕು’ ಅಂದರು ಮಾಸ್ತರರು. ಎರಡು ಬಟ್ಟಲಲ್ಲಿ ಒಂದೇ ಎಮ್ಮೆಯ ಹಾಲು ಇಟ್ಟೆ. ಒಂದಕ್ಕೆ ಕುದಿಸಿದ ತೊಟ್ಟು, ಒಂದಕ್ಕೆ ಹಾಗೇ ಕಿತ್ತದ್ದು. ಆಗಿದ್ದು ನಿಮ್ಮ ಅಡುಗೆಮನೆಯಲ್ಲಿ ಆದದ್ದೇ. ಕಟ್ಟಿದ ಮೊಸರಿನ ಹನಿಯನ್ನು ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಪೋಣಿಸಿದ ಮಣಿಗಳಂಥವು, ಕಡ್ಡಿಯಂಥವು, ಸಾಲುಸಾಲು. ಅವು ಆಕಾಶದಿಂದ ಇಳಿದವಲ್ಲ ಶೆಟ್ಟೆವ್ವ. ಎಲೆಯ ಮೇಲೆ, ತೊಟ್ಟಿನ ಮೇಲೆ, ಎಮ್ಮೆಯ ಕೆಚ್ಚಲ ಮೇಲೆ, ಕಾಯಿ ಕಿತ್ತ ಕೈಯ ಮೇಲೆ ಇರುತ್ತವೆ. ಆ ಏಳು ತೊಟ್ಟಿನಲ್ಲಿ ಗಿಡದ್ದೆಷ್ಟು, ಅವ್ವನ ಬೆರಳಿನದೆಷ್ಟು ಎಂದು ಯಾವ ಯಂತ್ರವೂ ನನಗೆ ತೋರಿಸಲಾರದು. ಆದರೆ ನಿಮ್ಮವ್ವ ಮೂರು ದಿನ ಮೈಲಿಗೆ ಎಂದು ತೊಳೆದು ಕಳೆದದ್ದು ಮೊಸರನ್ನೇ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಿಮ್ಮವ್ವನ ಮೇಲೆ ನನಗೆ ಹಗೆಯಿಲ್ಲ. ನಾನು ಏಳನೆಯದು ಪಾಸಾದಾಗ ಅಪ್ಪ ನನ್ನನ್ನು ಕೂಲಿಗೆ ಕಳಿಸಲು ನಿಂತಿದ್ದ. ಆಗ, ‘ಸಾಲಿ ಬಿಡಸಬ್ಯಾಡ ಸಾತಿ, ಹುಡುಗಿ ಶ್ಯಾಣೆ ಐತಿ’ ಎಂದು ಅವ್ವನಿಗೆ ಹೇಳಿದವಳು ಫಕೀರವ್ವ. ಆ ಮಾತು ಹಿಡಿದುಕೊಂಡೇ ಅವ್ವ ಹಟ ಮಾಡಿ ನನ್ನನ್ನು ಓದಿಸಿದಳು. ನಿಮ್ಮವ್ವ ನನಗೆ ಬೇಕಾದವಳು. ಬೇಡದವಳಾಗಿದ್ದರೆ ತೊಟ್ಟು ಕಳಿಸಿ ಸುಮ್ಮನಾಗುತ್ತಿದ್ದೆ.

ಎರಡು ದಿನ ಯೋಚಿಸಿದೆ. ಅವ್ವ ಗದರಿದಳು, ‘ಕಳಸವಾ, ಮುದುಕಿ ಬಾಯಿಗೆ ರುಚಿ ಬೇಡಾಕತ್ತಾಳ, ಈಗೆಲ್ಲಿ ನ್ಯಾಯಾ ಮಾಡ್ತಿ.’ ಅವಳ ಮನಸ್ಸು ದೊಡ್ಡದು, ನನ್ನದು ಅಷ್ಟಿಲ್ಲ. ಹತ್ತು ವರ್ಷದ ಹುಡುಗಿಯಾಗಿ ಮುಚ್ಚಿಟ್ಟೆ, ಸರಿ. ಇಪ್ಪತ್ತೈದಕ್ಕೆ ಮುಚ್ಚಿಟ್ಟರೆ ನನ್ನ ಅವ್ವನ ಕೈಯನ್ನು ನಾನೇ ಮೈಲಿಗೆ ಎಂದು ಒಪ್ಪಿಕೊಂಡಂತೆ. ಅದು ನನ್ನಿಂದಾಗದು. ನೀನಾದರೂ ನಿಮ್ಮವ್ವನನ್ನು ಯಾಕೆ ಅಷ್ಟು ಸಣ್ಣವಳೆಂದು ತಿಳಿದಿದ್ದೀ? ಹೇಳಿ ನೋಡಿದವರೇ ಇಲ್ಲವಲ್ಲ.

ತೊಟ್ಟುಗಳನ್ನು ಕಾಗದದಲ್ಲಿ ಸುತ್ತಿ ಈ ಪತ್ರದ ಜೊತೆಗೇ, ನಿಮ್ಮೂರ ಕಡೆ ಹೊರಟ ನಮ್ಮ ದವಾಖಾನೆಯ ಪರಪ್ಪನ ಕೈಯಲ್ಲಿ ಕಳಿಸಿದ್ದೇನೆ. ಇಂದು ಮುಂಜಾನೆ ಅವ್ವನೇ ಮುರಿದು ಕೊಟ್ಟದ್ದು. ಹಾಲು ಕಾಯಿಸಿ, ಬೆರಳು ತಡೆಯುವಷ್ಟು ಆರಿಸಿ ಹಾಕು. ತೊಳೆಯಬೇಡ. ಬೆಚ್ಚಗೆ ಮುಚ್ಚಿಡು, ನಡುನಡುವೆ ತೆಗೆದು ನೋಡಬೇಡ. ಮೊದಲ ದಿನದ್ದು ಸ್ವಲ್ಪ ಒಗರಾಗಬಹುದು, ಅದರಿಂದ ಹೆಪ್ಪು ಹಾಕಿದ ಎರಡನೆಯ ದಿನದ್ದನ್ನು ಕೊಡು. ಹಳೆಯ ರುಚಿಯೇ ಬರುತ್ತದೆಂದು ಆಣೆ ಮಾಡಲಾರೆ, ಹತ್ತಿರ ಬಂದೀತು.

ಬಟ್ಟಲು ಅವಳ ಕೈಗೆ ಕೊಡುವ ಮೊದಲು ಇದು ಸಾತವ್ವ ಮುರಿದ ತೊಟ್ಟಿನದು, ಹದಿನೈದು ವರ್ಷ ಉಂಡದ್ದೂ ಅವಳದೇ, ತೊಳೆದಿರಲಿಲ್ಲ ಎಂದು ಹೇಳು. ಮೆತ್ತಗೆ ಹೇಳು, ಆದರೆ ಪೂರ್ತಿ ಹೇಳು. ಉಂಡರೆ ಉಣ್ಣಲಿ. ಬೇಡವೆಂದರೆ ಒತ್ತಾಯ ಮಾಡಬೇಡ, ಬೇಡವೆಂದಳೆಂದೇ ಬರೆದು, ಶನಿವಾರ ಮರಳುವ ಪರಪ್ಪನ ಕೈಯಲ್ಲಿ ಕಳಿಸು. ಎರಡರಲ್ಲಿ ಯಾವುದಾದರೂ ಸರಿ, ಬರುವ ರವಿವಾರ ನಾನೂ ಅವ್ವನೂ ಅವಳನ್ನು ನೋಡಲು ಬರುತ್ತೇವೆ. ಒಳಗೆ ಕರೆಯುವುದೋ ಅಂಗಳದಲ್ಲೇ ನಿಲ್ಲಿಸುವುದೋ ಅವಳಿಗೆ ಬಿಟ್ಟದ್ದು. ಸುಳ್ಳು ಹೇಳಿ ಉಣಿಸಿದೆಯೋ, ಶೆಟ್ಟೆವ್ವ, ನಾನು ಬರುವುದಿಲ್ಲ.

ಫಕೀರವ್ವ ಎದ್ದು ಕೂತು ಎಲ್ಲರನ್ನೂ ಬೈಯುವಂತಾಗಲಿ. ನಿನ್ನ ಬಾಯಿಗೆ ಆ ನಾಲ್ಕು ಮಾತು ಬರಲಿ.

ಸಾತವ್ವನ ಮಗಳು
ಇಂದ್ರವ್ವ