ಪಡಸಾಲೆಯ ಮುಚ್ಚಳ

ಗೋಕಾಕ
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ಸಿದ್ರಾಯಣ್ಣನಿಗೆ,

ತಂಗಿ ಭಾಗ್ಯಾಳ ನಮಸ್ಕಾರಗಳು. ಹೇಗಿದ್ದೀ? ಬಲಗಣ್ಣಿನ ಪೊರೆ ತೆಗೆಸಿಕೊಂಡೆಯೋ, ಇಲ್ಲ ಕುರಿ ಎಣಿಸಲು ಒಂದು ಕಣ್ಣು ಸಾಕು ಅಂತ ಇನ್ನೂ ಮುಂದಕ್ಕೆ ಹಾಕುತ್ತಿದ್ದೀಯೋ? ಕುರಿಗಳೊಂದಿಗೆ ನೀನೀಗ ದಡ್ಡಿಯ ಕಡೆ ಹೊಳೆದಂಡೆಯ ಹೊಲದಲ್ಲಿ ಇಳಿದಿದ್ದೀ, ರಾತ್ರಿ ಚಳಿ ಬಹಳ ಅಂತ ಅಕ್ಕವ್ವ ಅತ್ತಿಗೆ ಹೇಳಿದಳು. ಕಂಬಳಿ ಒಂದೇ ಇದ್ದರೆ ಇನ್ನೊಂದನ್ನು ಕಳಿಸಲು ಅವಳಿಗೆ ಹೇಳಿದ್ದೇನೆ. ಮೊಣಕಾಲಿಗೆ ಹಚ್ಚುವ ಎಣ್ಣೆಯ ಬಾಟಲಿಯೂ ಈ ಕಾಗದದ ಜೊತೆ ಘೋಡಗೇರಿಗೆ, ಅತ್ತಿಗೆಯ ಕೈಗೆ ಹೋಗುತ್ತದೆ. ಅಲ್ಲಿಂದ ಬುತ್ತಿ ತರುವವರ ಕೈಯಲ್ಲಿ ನಿನಗೆ ಮುಟ್ಟಬಹುದು. ಫೋನ್ ಇರುವಾಗ ಇವಳಿಗೆ ಕಾಗದವೇಕೆ ಅಂದುಕೊಳ್ಳುತ್ತೀ. ಫೋನಿನಲ್ಲಿ ನೀನು ‘ಆರಾಮ ಅದೀನಿ, ನೀ ಆರಾಮ ಅದಿಯಿಲ್ಲ’ ಅಂದು ಇಟ್ಟುಬಿಡುತ್ತೀ. ಹನ್ನೆರಡು ವರ್ಷದಿಂದ ನಮ್ಮ ಮಾತು ಅಷ್ಟೇ. ಕಾಗದವನ್ನು ನಡುವೆ ಇಟ್ಟುಬಿಟ್ಟರೂ ಅದು ಅಲ್ಲೇ ಇರುತ್ತದೆ, ಮತ್ತೆ ಎತ್ತಿಕೊಂಡು ಓದಬಹುದು.

ಸುದ್ದಿ ಇದು. ನೀನು ಗೌಂಡಿಯಾಗಿದ್ದಾಗ ಹಾಕಿಕೊಟ್ಟಿದ್ದ ನಮ್ಮ ಮನೆಯ ಪಾಯಖಾನೆಯ ಪೈಪನ್ನು ಈ ವಾರ ಪೂರ್ತಿ ಅಗೆದು ತೆಗೆಸಿದೆವು. ಪ್ರತಿ ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತಿದ್ದುದು ಈ ಸಲ ದೀಪಾವಳಿ ಕಳೆದರೂ ಬಿಡಲಿಲ್ಲ. ಬಿದಿರಿನ ಸೀಳು ಹಾಕುವವನು ಎರಡು ಸಲ ಬಂದು ಸೋತು ಹೋದ. ಕೊನೆಗೆ ನಮ್ಮವರು ಹುಕ್ಕೇರಿಯಿಂದ ಶಿವಪುತ್ರ ಅನ್ನುವ ಪ್ಲಂಬರನನ್ನು ಕರೆಸಿದರು. ಅವನ ಹತ್ತಿರ ಉದ್ದನೆಯ ಕೇಬಲ್ಲಿನ ತುದಿಗೆ ಹೆಬ್ಬೆರಳಿನಷ್ಟು ಕ್ಯಾಮೆರಾ ಇದೆ, ಅದರ ಸುತ್ತ ಸಣ್ಣ ದೀಪಗಳು. ಅದನ್ನು ಪೈಪಿನೊಳಗೆ ಬಿಟ್ಟು, ಪುಸ್ತಕದಷ್ಟು ಅಗಲದ ಪರದೆಯ ಮೇಲೆ ನಮ್ಮ ಮನೆಯ ಹೊಟ್ಟೆಯನ್ನೇ ತೋರಿಸಿದ. ನಾನು ಕಾಲೇಜಿಗೆ ರಜೆ ಹಾಕಿ ಅವನ ಪಕ್ಕದಲ್ಲೇ ಕೂತಿದ್ದೆ. ಹಿತ್ತಲಿನಿಂದ ಹೊರಟ ಕ್ಯಾಮೆರಾ ಅಡುಗೆಮನೆ ದಾಟಿತು. ನೀನು ಕೂಡಿಸಿದ ಒಂದೊಂದು ಜೋಡವೂ ಉಂಗುರದ ಹಾಗೆ ಬಂದು ಹಿಂದೆ ಸರಿಯುತ್ತಿತ್ತು. ಎಲ್ಲೂ ಬಿರುಕಿಲ್ಲ, ಎಲ್ಲೂ ಪೈಪು ಕುಸಿದಿಲ್ಲ. ಬೀರದೇವರ ಜಗಲಿಗಿಂತ ಮೊದಲು ಎಡಕ್ಕೆ ತಿರುಗುವಲ್ಲಿ ಕೆಸರು ಕಂಡಿತು. ಅಲ್ಲಿಂದ ಹೇಗೋ ನುಸುಳಿ, ಪಡಸಾಲೆಯ ಕೆಳಗೆ ಮತ್ತೆ ಬೀದಿಯ ಕಡೆಗೆ ತಿರುಗುವಲ್ಲಿ ಪರದೆ ಪೂರ್ತಿ ಕಪ್ಪಾಯಿತು. ಶಿವಪುತ್ರ ಕೇಬಲ್ಲು ಹಿಡಿದುಕೊಂಡೇ ನನ್ನ ಕಡೆ ತಿರುಗಿ, ‘ಜೋಡ ಎಲ್ಲಾ ಬರೋಬ್ಬರಿ ಅದಾವ್ರಿ ಮೇಡಂ. ತಪ್ಪ ತಿರುವಿನ್ಯಾಗ ಐತಿ. ಎರಡೂ ತಿರುವಿಗೆ ಒಂದೊಂದ ಚೇಂಬರ ಬಿಟ್ಟಿದ್ರ ಮುಚ್ಚಳಾ ತಗದು ಕೈಲೇ ಬಳೀಬಹುದಿತ್ತು’ ಅಂದ.

ಹತ್ತೊಂಬತ್ತು ವರ್ಷಗಳ ಹಿಂದೆ ನೀನು ನನಗೆ ಹೇಳಿದ ಮಾತನ್ನೇ, ಹೆಚ್ಚು ಕಡಿಮೆ ಅದೇ ಶಬ್ದಗಳಲ್ಲಿ, ಗುರುತು ಪರಿಚಯವಿಲ್ಲದ ಮನುಷ್ಯ ಹೇಳುತ್ತಿದ್ದ.

ಮರುದಿನ ಪಡಸಾಲೆಯ ನೆಲದ ಫರಶಿ ಒಡೆದರು. ಅಗೆದಂತೆ ನಿನ್ನ ಕೆಲಸ ಒಂದೊಂದಾಗಿ ಬೆಳಕಿಗೆ ಬಂತು. ಪೈಪಿನ ಕೆಳಗೆ ಗೇಣು ದಪ್ಪಕ್ಕೆ ಜರಡಿ ಹಿಡಿದ ಮರಳು, ಪ್ರತಿ ಜೋಡದ ಕೆಳಗೂ ಅಲುಗಾಡದಂತೆ ಒಂದು ಇಟ್ಟಂಗಿ. ಶಿವಪುತ್ರ ನೀರು ತುಂಬಿದ ಮಟ್ಟದ ಪೈಪು ಹಿಡಿದು ನೋಡಿ, ಇಷ್ಟು ವರ್ಷವಾದರೂ ಇಳಿಜಾರು ಒಂದು ಬೆರಳೂ ತಪ್ಪಿಲ್ಲ ಅಂತ ತಲೆದೂಗಿದ. ‘ಈ ಕೈ ಯಾರದ್ರಿ? ಇಂಥಾ ಗೌಂಡಿ ಈಗ ಸಿಗೂದಿಲ್ರಿ’ ಅಂದ. ನಮ್ಮವರು ಕೆಮ್ಮಿ ಹೊರಗೆ ಹೋದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೋಲೂರಿ ನಿಂತಿದ್ದರು. ನಿನಗೆ ಗೊತ್ತಲ್ಲ ಸೀತವ್ವನ ಬಾಯಿ, ಎಪ್ಪತ್ತೆಂಟಾದರೂ ಮೊಂಡಾಗಿಲ್ಲ. ‘ಅಷ್ಟ ಶ್ಯಾಣ್ಯಾ ಇದ್ರ ಆವಾಗ ಹೇಳಬೇಕಿತ್ತಿಲ್ಲ? ಅವಗೇನ ಬಾಯಿ ಇದ್ದಿದ್ದಿಲ್ಲೇನ?’ ಅಂದರು. ಮಣ್ಣಿನ ರಾಶಿಯ ಈಚೆ ನಾನಿದ್ದೆ, ಆಚೆ ಅವರು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಶಿವಪುತ್ರನಿಗೆ ಚಹಾ ತರಲು ಒಳಗೆ ಹೋದೆ. ಪಾಯಖಾನೆಯಿಲ್ಲದ ಮನೆಯಲ್ಲಿ ಇರಲಾರೆನೆಂದು ಅತ್ತೆ ಅದೇ ಸಂಜೆ ಮೂಡಲಗಿಗೆ, ನಾದಿನಿಯ ಮನೆಗೆ ಹೋದರು. ಇವತ್ತು ಮಧ್ಯಾಹ್ನದ ಬಸ್ಸಿಗೆ ವಾಪಸು ಬರುತ್ತಾರೆ.

ಅಣ್ಣಾ, ಆ ಚೇಂಬರಿನ ಮಾತನ್ನು ಇನ್ನೊಮ್ಮೆ ಬರೆಯುತ್ತೇನೆ. ನಿನಗೆ ನೆನಪಿದೆ ಅಂತ ಗೊತ್ತು, ಬರೆಯಬೇಕಾದದ್ದು ನನಗಾಗಿ. ೨೦೦೫ರಲ್ಲಿ ಈ ಮನೆಗೆ ಪೈಪು ಹಾಕುವಾಗ ನೇರವಾಗಿ ಹಿತ್ತಲಿನಿಂದ ಬೀದಿಗೆ ಒಯ್ಯಬೇಕೆಂದು ನೀನು ದಾರ ಹಿಡಿದಿದ್ದೆ. ನೇರ ಹೋದರೆ ದೇವರ ಕೋಣೆಯ ಕೆಳಗೆ ಹಾಯುತ್ತಿತ್ತು. ಬೀರದೇವರ ಜಗಲಿಯ ಬುಡಕ್ಕೆ ಹೊಲಸು ನೀರು ಹರಿಯಕೂಡದು ಅಂತ ಅತ್ತೆ ದಾರ ಕಿತ್ತು ಹಾಕಿದರು. ಎರಡೂ ಪಕ್ಕದಲ್ಲಿ ಬೇರೆಯವರ ಗೋಡೆ, ಸುತ್ತಿ ಹೋಗಲು ಜಾಗವಿಲ್ಲ. ಮನೆಯೊಳಗೇ ಎರಡು ತಿರುವು ಕೊಟ್ಟು ಜಗಲಿಯನ್ನು ಬಳಸಿ ಒಯ್ಯುವುದಷ್ಟೇ ಉಳಿದಿತ್ತು. ಸಂಜೆ ನೀನು ನನ್ನನ್ನು ನೀರಿನ ತೊಟ್ಟಿಯ ಹತ್ತಿರ ಕರೆದು ಹೇಳಿದೆ: ‘ದೇವರ ಮಾತಿಗೆ ನಾ ಎದರ ಆಡೂದಿಲ್ಲ. ಆದ್ರ ಎರಡ ತಿರುವಿಗೆ ಎರಡ ಚೇಂಬರ ಬೇಕು, ಇಲ್ಲಂದ್ರ ಅಲ್ಲೇ ಕಟ್ಟತೈತಿ, ಒಂದರ ಮುಚ್ಚಳಾ ಪಡಸಾಲ್ಯಾಗ ಕಾಣತೈತಿ. ಹೆಣ್ಣ ಕೊಟ್ಟವ ನಾ, ಬೀಗರ ಮುಂದ ಹೆಚ್ಚ ಮಾತಾಡಿದ್ರ ಚಂದ ಅಲ್ಲ. ನೀ ಹೇಳು. ನೀ ಓದಿದಾಕಿ, ನಿನ್ನ ಮಾತ ಕೇಳತಾರ.’ ಹೇಳುತ್ತೇನೆ ಅಂದೆ. ಮೂರನೆಯ ದಿನ ನೀನು ಮಣ್ಣಿನ ಕೈಯಲ್ಲೇ ಬಂದು ‘ಹೇಳಿದೇನ?’ ಅಂತ ಕೇಳಿದೆ. ‘ಹೇಳಿದೆ, ಬ್ಯಾಡ ಅಂದ್ರು’ ಅಂದೆ.

ನಾನು ಹೇಳಿರಲಿಲ್ಲ. ಅತ್ತೆಗೂ ಹೇಳಿರಲಿಲ್ಲ, ನಮ್ಮವರಿಗೂ ಹೇಳಿರಲಿಲ್ಲ.

ಯಾಕೆ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಆ ತಿಂಗಳು ಎಂ.ಎ. ಪರೀಕ್ಷೆಗೆ ಧಾರವಾಡಕ್ಕೆ ಹೋಗಲು ಮನೆಯಲ್ಲಿ ಒಪ್ಪಿಗೆ ಸಿಕ್ಕು ಒಂದು ವಾರವಷ್ಟೇ ಆಗಿತ್ತು. ಮದುವೆಯಾದ ಸೊಸೆ ಇಪ್ಪತ್ತು ದಿನ ಪರ ಊರಿನಲ್ಲಿ ಇದ್ದು ಪರೀಕ್ಷೆ ಬರೆಯುವುದಕ್ಕೆ ಅತ್ತೆ ಹೂಂ ಅಂದದ್ದೇ ದೊಡ್ಡದು ಅನಿಸಿತ್ತು. ಇನ್ನೊಂದು ಮಾತಿಗೆ ಬಾಯಿ ತೆರೆದರೆ ಮೊದಲನೆಯದನ್ನೂ ಹಿಂದಕ್ಕೆ ತೆಗೆದುಕೊಂಡಾರು ಎಂದು ಹೆದರಿದೆ. ಪಡಸಾಲೆಯಲ್ಲಿ, ಬಂದವರು ಕೂಡುವ ಜಾಗದಲ್ಲಿ, ಪಾಯಖಾನೆಯ ಮುಚ್ಚಳ ಅಂದರೆ ಅವರು ಕೆಂಡವಾಗುತ್ತಾರೆ ಅಂತ ನಾನೇ ತೀರ್ಮಾನಿಸಿಕೊಂಡೆ. ಅವರ ಉತ್ತರವನ್ನು ಅವರ ಪರವಾಗಿ ನಾನೇ ಕೊಟ್ಟುಬಿಟ್ಟೆ. ಪರೀಕ್ಷೆ ಮುಗಿಸಿ ಬರುವಷ್ಟರಲ್ಲಿ ನೀನು ಫರಶಿ ಕೂರಿಸಿ, ಸಂದುಗಳಿಗೆ ಬಿಳಿ ಸಿಮೆಂಟು ತುಂಬಿ, ಬೂದಿಯಿಂದ ತಿಕ್ಕಿ ಹೊಳೆಯುವಂತೆ ಮಾಡಿ ಹೋಗಿದ್ದೆ. ‘ನೀ ಹಾಳಿಮ್ಯಾಲ ಬರೀತಿ, ನಾ ನೆಲದಾಗ ಬರೀತೇನಿ, ನಿಂದ ತಪ್ಪಿದ್ರ ಅಳಸಾಕ ಬರತೈತಿ ನೋಡವಾ’ ಅಂತ ನನ್ನ ಅಂಕಪಟ್ಟಿ ನೋಡಿ ನಕ್ಕಿದ್ದೆ. ಆಗಲೂ ನಾನು ಹೇಳಲಿಲ್ಲ.

ಏಳು ವರ್ಷದ ಮೇಲೆ ನಾದಿನಿಯ ನಿಶ್ಚಯದ ದಿನ. ಮೂಡಲಗಿಯ ಬೀಗರು ಜಮಖಾನೆಯ ಮೇಲೆ ಕೂತು ಅಡಿಕೆ ಎಲೆ ಹಾಕುವಾಗ ಅದೇ ಪೈಪಿಗೆ ಸೇರುವ ಬಚ್ಚಲಿನಿಂದ ಉಕ್ಕಿದ ನೀರು ಅವರ ಕಾಲಿಗೆ ಬಂತು. ಅಷ್ಟು ಜನರೆದುರು ಅತ್ತೆ ನಿನ್ನನ್ನು ಅಂದದ್ದು ನನಗೆ ಅಕ್ಷರ ತಪ್ಪದೆ ನೆನಪಿದೆ: ‘ಬೀಗರ ಕೈಯಾಗ ಕೆಲಸಾ ಕೊಟ್ಟದ್ದಕ್ಕ ಇದ ನೋಡ್ರಿ. ಪೈಪಿನ್ಯಾಗ ಇಟ್ಟಂಗಿ ತುಕಡಿ ಬಿಟ್ಟ ಮುಚ್ಚಿ ಹೋಗ್ಯಾನ.’ ನೀನು ಎದ್ದು ನಿಂತು, ‘ತಿರುವಿಗೆ ಕಟ್ಟತೈತಿ ಅಂತ ನಾ ಆವಾಗ ಹೇಳಿ ಕಳಿಸಿದ್ದೆರಿ ಅವ್ವಾರ’ ಅಂದೆ. ‘ಯಾರ ಕೈಯಾಗ ಹೇಳಿ ಕಳಿಸಿದ್ದಿ? ಹೆಸರ ಹೇಳು’ ಅಂದರು. ನೀನು ನನ್ನ ಕಡೆ ನೋಡಿದೆ. ನಾನು ಗೋಣಿತಾಟು ಹಾಕಿ ನೆಲ ಒರೆಸುತ್ತಿದ್ದೆ, ತಲೆ ಎತ್ತಲಿಲ್ಲ. ಆದರೂ ನೀನು ನೋಡಿದ್ದು ನನಗೆ ಗೊತ್ತಾಯಿತು, ನಿನಗೆ ಎಲ್ಲ ತಿಳಿದದ್ದೂ ಗೊತ್ತಾಯಿತು. ‘ನೆಪ್ಪಿಲ್ರಿ’ ಅಂದೆ ನೀನು. ‘ಸುಳ್ಳ ಹೇಳೂದಾದ್ರೂ ಒಂದ ಹೆಸರ ಹುಡಿಕ್ಕೊಂಡ ಬರಬೇಕಿಲ್ಲೋ’ ಅಂದರು ಅತ್ತೆ, ಬಂದವರು ನಕ್ಕರು. ನೀನು ಹೊಸ ಧೋತರವನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ, ಬೀದಿಯ ಚೇಂಬರಿನಿಂದ ಬಿದಿರು ಹಾಕಿ, ಕಟ್ಟಿದ್ದನ್ನು ಬಿಡಿಸಿದೆ. ನಳದಲ್ಲಿ ಕೈ ಕಾಲು ತೊಳೆದೆ. ಎಲೆ ಹಾಕಿದ್ದರು, ಹೋಳಿಗೆ ಬಡಿಸಿದ್ದರು. ಉಣ್ಣದೆ ಹೋದೆ.

ಆ ಒಂದು ಮಾತು ನಮ್ಮ ಓಣಿಯಲ್ಲೇ ನಿಲ್ಲಲಿಲ್ಲ. ಒಡಹುಟ್ಟಿದವಳ ಮನೆಯಲ್ಲೇ ಕೆಲಸ ಕೆಡಿಸಿದವನು ಅಂತ ಗೋಕಾಕದಲ್ಲಿ ನಿನ್ನನ್ನು ಕರೆಯುವವರು ಕಡಿಮೆಯಾದರು. ಮರುವರ್ಷ ಕರಣಿ, ತೂಕದ ಗುಂಡು, ಮಟ್ಟದ ಪೈಪು ಎಲ್ಲವನ್ನೂ ಅಟ್ಟಕ್ಕೆ ಹಾಕಿ ಅಪ್ಪನ ಕುರಿಗಳ ಹಿಂದೆ ಹೊರಟೆಯೆಂದು ಅತ್ತಿಗೆ ಅಳುತ್ತ ಹೇಳಿದಳು. ಕುರಿ ಕಾಯುವುದು ಕಡಿಮೆಯ ಕೆಲಸವಲ್ಲ, ನಮ್ಮೆಲ್ಲರ ಅನ್ನ ಅದರಿಂದಲೇ ಬಂದದ್ದು. ಆದರೆ ಗೌಂಡಿಕೆ ನೀನು ಇಷ್ಟಪಟ್ಟು ಕಲಿತದ್ದು. ಅದನ್ನು ನಿನ್ನ ಕೈಯಿಂದ ಬಿಡಿಸಿದವಳು ನಾನು. ಆ ಎಂ.ಎ.ಯಿಂದಲೇ ನನಗೆ ಕಾಲೇಜಿನ ಕೆಲಸ ಸಿಕ್ಕಿತು. ತರಗತಿಯಲ್ಲಿ ಕವಿತೆ ಹೇಳುವಾಗ, ಇಲ್ಲಿ ಕವಿ ಹೇಳದೆ ಬಿಟ್ಟದ್ದನ್ನು ನೋಡಿ, ಮೌನಕ್ಕೂ ಅರ್ಥವಿದೆ ಅಂತ ವಿದ್ಯಾರ್ಥಿಗಳಿಗೆ ಎಷ್ಟು ಸಲ ವಿವರಿಸಿದ್ದೇನೋ. ಮೊನ್ನೆ ಹಾಗೆ ಹೇಳುತ್ತಿದ್ದಾಗ ಮಾತನ್ನು ಅರ್ಧಕ್ಕೇ ಬಿಟ್ಟು ಹಾಜರಿ ತೆಗೆದುಕೊಳ್ಳತೊಡಗಿದೆ. ನನ್ನ ಮೌನದಲ್ಲಿ ಯಾವ ಅರ್ಥವೂ ಇರಲಿಲ್ಲ, ಬರೀ ಅಂಜಿಕೆ ಇತ್ತು. ಅದರ ಬೆಲೆಯನ್ನು ಬೇರೆಯವರು ತೆತ್ತರು ಅನ್ನುವುದಕ್ಕೆ ಮಾತ್ರ ನಾನು ಕಣ್ಣು ಮುಚ್ಚಿಕೊಂಡೆ.

ಈಗ ಹೊಸ ಪೈಪು ಕೂತಿದೆ. ದಾರಿ ಹಳೆಯದೇ, ಬೀರದೇವರನ್ನು ಬಳಸಿಯೇ ಹೋಗುತ್ತದೆ. ಚೌಕ ಮೂಲೆಗಳ ಬದಲು ಓರೆಯಾಗಿ ತಿರುಗಿಸಿದ್ದಾರೆ, ಎರಡು ತಿರುವಿಗೆ ಎರಡು ಚೇಂಬರು. ನಿನ್ನೆ ಸಂಜೆ ಮುಚ್ಚಳ ಕೂರಿಸಿದರು. ಹತ್ತು ಕೊಡ ನೀರು ಸುರಿದೆವು, ಸದ್ದಿಲ್ಲದೆ ಹೋಯಿತು. ಹಳೆಯ ಪೈಪುಗಳಲ್ಲಿ ಒಂದೂ ಒಡೆದಿಲ್ಲ, ಶಿವಪುತ್ರ ತೊಳೆದು ಹಿತ್ತಲ ಗೋಡೆಗೆ ಆನಿಸಿ ಇಟ್ಟು ಹೋಗಿದ್ದಾನೆ. ನಿನ್ನಲ್ಲಿ ಕ್ಷಮೆ ಕೇಳಲು ನನಗೆ ಬಾಯಿಲ್ಲ. ನೀನು ‘ಹೋಗ್ಲಿ ಬಿಡು’ ಅನ್ನುತ್ತೀ, ಅದೇ ನನಗೆ ಭಯ. ಬಿಡಬೇಡ. ಬಂದು ಬೈದು ಹೋಗು. ನೀನು ಬರುವಷ್ಟರಲ್ಲಿ ಮನೆಯವರಿಗೆ ಹೇಳಿರುತ್ತೇನೆ ಅಂತ ಬರೆಯಲು ಲೇಖನಿ ಎತ್ತಿದೆ. ಹಿಂದೆಯೂ ನಿನಗೆ ‘ಹೇಳುತ್ತೇನೆ’ ಅಂದವಳೇ ನಾನು, ಹಾಗಾಗಿ ಮಾತು ಕೊಡಲು ಕೈ ಬರುತ್ತಿಲ್ಲ.

ಅತ್ತಿಗೆಗೆ ನಮಸ್ಕಾರ. ಕಣ್ಣಿನ ಕೆಲಸ ಮುಂದಕ್ಕೆ ಹಾಕಬೇಡ. ಚಳಿಗೆ ತಲೆಗೆ ಏನಾದರೂ ಸುತ್ತಿಕೋ. ಬೀರದೇವರು ನಿನ್ನನ್ನೂ ಕುರಿಗಳನ್ನೂ ಕಾಯಲಿ.

ನಿನ್ನ ತಂಗಿ,
ಭಾಗ್ಯಾ

ತಾ.ಕ.: ಕಾಗದ ಮಡಿಚುತ್ತಿದ್ದಾಗಲೇ ಅತ್ತೆ ಬಂದರು. ಇಷ್ಟುದ್ದ ಯಾರಿಗೆ ಬರೆದೆ ಅಂತ ಕೇಳಿದರು. ಅಣ್ಣನಿಗೆ ಅಂದೆ, ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಅಕ್ಷರ ನೆಟ್ಟಗಿಲ್ಲ, ಕಾಗದ ಒಯ್ಯುವ ಬಸ್ಸಿನ ಹೊತ್ತಾಯಿತು. ಅತ್ತೆ ಕೈಚೀಲ ಕೆಳಗಿಡದೆ ಕೇಳಿದರು. ‘ಹನ್ನೆರಡ ವರ್ಸ ಅಂವನ್ನ ಬೈದೆ. ಆ ಬೈಗಳಾ ಎಲ್ಲಾ ನಿನ್ನವು’ ಅಂದರು. ಆಮೇಲೆ, ಆವತ್ತು ಅವನು ಕೇಳಿದ್ದು ಏನು, ತೋರಿಸು ಅಂದರು. ಪಡಸಾಲೆಯ ಮುಚ್ಚಳ ತೋರಿಸಿದೆ. ಕೋಲಿನ ತುದಿಯಿಂದ ಅದನ್ನು ಎರಡು ಸಲ ತಟ್ಟಿ ನೋಡಿ ಅಂದರು: ‘ಇಷ್ಟನ? ಇದಕ್ಕ ನಾ ಯಾಕ ಬ್ಯಾಡ ಅಂತಿದ್ದೆ? ಮ್ಯಾಲ ಒಂದ ಚಾಪಿ ಹಾಸತಿದ್ದೆ.’